15 ಮಳೆಗಾಲ, ಒಂದೇ ಗಾಡಿ

2010ರಲ್ಲಿ ತಗೊಂಡ ಸ್ಪ್ಲೆಂಡರ್ ಪ್ಲಸ್ ಇವತ್ತಿಗೂ ನನ್ನ ಹತ್ರಾನೇ ಇದೆ. ಮನೆ ಮೇಗರವಳ್ಳಿ ಹತ್ರ, ಕೆಲಸ ತೀರ್ಥಹಳ್ಳೀಲಿ, ವಾರಕ್ಕೆ ಆರು ದಿನ ಹೋಗಿ ಬರೋದು ಇದ್ರಲ್ಲೇ. ಬಸ್ಸು ಇಲ್ಲ ಅಂತಲ್ಲ, ಇದೆ, ಆದ್ರೆ ಬೆಳಗ್ಗೆ ಆ ಒಂದು ಅರ್ಧ ಗಂಟೆ ನಂಗೆ ಬೇರೆ ಯಾವುದ್ರಲ್ಲೂ ಸಿಗಲ್ಲ. ಅಕ್ಟೋಬರ್ ಕಳೆದು ಅಡಿಕೆ ಸುಗ್ಗಿ ಶುರುವಾದ್ರೆ ಪ್ರತಿ ಮನೆ ಅಂಗಳದಲ್ಲೂ ಹಂಡೆಯಲ್ಲಿ ಅಡಿಕೆ ಬೇಯ್ತಾ ಇರುತ್ತೆ, ಆ ಚೊಗರಿನ ವಾಸನೆ, ಅದ್ರ ಜೊತೆ ಸೌದೆ ಹೊಗೆ, ಮಂಜು ಬೇರೆ, ಹೆಲ್ಮೆಟ್ ಗ್ಲಾಸು ಸ್ವಲ್ಪ ಎತ್ತಿ 40ರಲ್ಲಿ ಹೋಗ್ತಾ ಇದ್ರೆ ಯಾರ ಮನೇಲಿ ಎಷ್ಟೊತ್ತಿಗೆ ಒಲೆ ಹಚ್ಚಿದಾರೆ ಅಂತ ಮೂಗಿಗೇ ಗೊತ್ತಾಗುತ್ತೆ. ಕಾರಲ್ಲಿ ಕೂತೋರಿಗೆ ಇದು ಸಿಗಲ್ಲ, ಇದನ್ನ ನಾನು ಜಂಬಕ್ಕೆ ಹೇಳ್ತಿಲ್ಲ, ನಿಜವಾಗಿ ಅನ್ಸಿದ್ದು.

ಆದ್ರೆ ನಮ್ಮ ಕಡೆ ಮಳೆ ಅಂದ್ರೆ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಬೀಳುತ್ತೆ, ನಮ್ಮೂರಲ್ಲಿ ಅಷ್ಟಿಲ್ಲದಿದ್ರೂ ಜೂನಿಂದ ಸೆಪ್ಟೆಂಬರ್ ತನಕ ಗಾಡಿ ಒಣಗೋದೇ ಇಲ್ಲ. ಈ ಮಳೇಲಿ ನಾನು ಕಲಿತಿದ್ದನ್ನ, ಬಿದ್ದಿದ್ದನ್ನ ಬರೀತಿದೀನಿ.

ಮೊದಲು ಪೆಟ್ರೋಲ್ ವಿಷಯ. ಒಂದು ಜುಲೈಯಲ್ಲಿ ಸಂಜೆ ಮನೆಗೆ ವಾಪಸ್ ಬರ್ತಾ ಗಾಡಿ ಜಗ್ಗಕ್ಕೆ ಶುರುವಾಯ್ತು, ಪೆಟ್ರೋಲ್ ಮುಗೀತಾ ಬಂತು ಅಂದ್ಕೊಂಡು ರಿಸರ್ವಿಗೆ ಹಾಕ್ದೆ, 200 ಮೀಟರ್ ಹೋಗಿರಬಹುದು, ಬುಕ್ ಬುಕ್ ಅಂತ ನಿಂತೇ ಹೋಯ್ತು. ಕಿಕ್ಕರ್ ಹೊಡೆದು ಹೊಡೆದು ಕಾಲು ಸೋತಿತ್ತು, ಪ್ಲಗ್ ಬಿಚ್ಚಿ ಒರೆಸಿ ಹಾಕ್ದೆ, ಏನೂ ಇಲ್ಲ. ಅಷ್ಟರಲ್ಲಿ ಕಾಲಿಗೆ ಎರಡು ಇಂಬಳ (ಜಿಗಣೆ) ಹತ್ತಿದ್ವು. ಒಂದು ಫೋನ್ ಮಾಡ್ದೆ, ನಮ್ಮ ಮೆಕ್ಯಾನಿಕ್ ಅಣ್ಣ ಫೋನಲ್ಲೇ ಹೇಳಿದ್ರು: ಕಾರ್ಬೋರೇಟರ್ ಕೆಳಗೆ ಒಂದು ಸಣ್ಣ ಸ್ಕ್ರೂ ಇದೆ, ಅದನ್ನ ಲೂಸ್ ಮಾಡಿ ಬರೋದನ್ನ ಅಂಗೈಯಲ್ಲಿ ಹಿಡಿ ಅಂತ. ಹಿಡ್ದೆ. ಪೆಟ್ರೋಲ್ ಜೊತೆ ನೀರು ಬಂತು, ಮಣಿ ಮಣಿ ತರ ಬೇರೆಬೇರೆಯಾಗಿ ಅಂಗೈ ಮೇಲೆ ಉರುಳ್ತಿತ್ತು. ಟ್ಯಾಂಕ್ ಮುಚ್ಚಳದ ರಬ್ಬರು ಹಳೇದಾಗಿ ಗಟ್ಟಿಯಾಗಿತ್ತು, ನಾನು ದಿನಾ ಗಾಡೀನ ಮಳೇಲೇ ನಿಲ್ಸಿ ಹೋಗ್ತಿದ್ದೆ, ಹನಿ ಹನಿ ಒಳಗಿಳಿದಿದೆ. ನೀರು ಪೆಟ್ರೋಲಿಗಿಂತ ಭಾರ, ಟ್ಯಾಂಕಿನ ತಳದಲ್ಲಿ ಕೂರುತ್ತೆ, ರಿಸರ್ವಿಗೆ ಹಾಕಿದ್ರೆ ತಳದಿಂದಾನೇ ಎಳೆಯೋದು, ಹಾಗಾಗಿ ರಿಸರ್ವಿಗೆ ತಿರುಗಿಸಿದ ಮೇಲೇ ಪೂರ್ತಿ ನಿಂತಿದ್ದು. ಮೂರ್ನಾಲ್ಕು ಸಲ ಸ್ಕ್ರೂ ಬಿಚ್ಚಿ ಇಳಿಸಿ ಹೇಗೋ ಮನೆ ಮುಟ್ಟಿದೆ, ಮಾರನೇ ದಿನ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸ್ದೆ. ಅವತ್ತಿಂದ ಮೇ ತಿಂಗಳಲ್ಲೇ ಆ ರಬ್ಬರು ನೋಡ್ತೀನಿ, ಹೊರಗೆ ನಿಲ್ಸೋದಾದ್ರೆ ಟ್ಯಾಂಕ್ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಕಟ್ತೀನಿ.

ಪಂಚರ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ಎಲ್ಲರಿಗೂ ಆಗಿದ್ದೇ. ನಂದು ಟ್ಯೂಬ್ ಇರೋ ಟೈರು, ಗಾಳಿ ಹೋದ ಮೇಲೆ ಇನ್ನೊಂದೇ ಕಿಲೋಮೀಟರ್ ಅಂತ ಓಡಿಸಿದ್ರೆ ಟ್ಯೂಬು ಒಳಗೇ ಸುತ್ತಿ ವಾಲ್ವ್ ಬುಡದಲ್ಲೇ ಹರ್ಕೊಳ್ಳುತ್ತೆ, ಆಮೇಲೆ ಪ್ಯಾಚ್ ಹಾಕಕ್ಕೂ ಬರಲ್ಲ. ಇಳಿದು ತಳ್ಳೋದೇ ಸರಿ. ಇನ್ನೊಂದು, ಪಂಚರ್ ಹಾಕೋರು ಟೈರ್ ಒಳಗೆ ಕೈಯಾಡಿಸಿ ಮುಳ್ಳು ತೆಗೆದ್ರಾ ಅಂತ ನಿಂತು ನೋಡಿ. ಒಂದ್ಸಲ ನಾನು ಟೀ ಕುಡಿಯಕ್ಕೆ ಹೋಗಿದ್ದೆ, ಮುಳ್ಳು ಅಲ್ಲೇ ಉಳ್ಕೊಂಡು ಎರಡು ಕಿಲೋಮೀಟರಿಗೆ ಮತ್ತೆ ಪಂಚರ್.

ಬಿದ್ದಿದ್ದು 2016ರ ಆಗಸ್ಟಲ್ಲಿ. ಟಾರ್ ರಸ್ತೇಲಲ್ಲ, ಮನೆ ಹತ್ರಾನೇ, ತೋಟಕ್ಕೆ ಇಳಿಯೋ ಕಾಂಕ್ರೀಟ್ ರಸ್ತೇಲಿ. ಮರದ ನೆರಳು, ಬಿಸಿಲೇ ಬೀಳದ ಜಾಗ, ಹಾವಸೆ ಕಟ್ಟಿ ಹಸಿರಾಗಿತ್ತು, ದಿನಾ ಓಡಾಡೋ ದಾರಿ ಅಲ್ವಾ ಅಂತ ಯೋಚನೇನೇ ಮಾಡ್ಲಿಲ್ಲ, ಅಡ್ಡ ಒಂದು ಕರು ಬಂತು, ಮುಂದಿನ ಬ್ರೇಕ್ ಹಿಡ್ದೆ. ಸ್ಪೀಡು 15 ಇರಬಹುದು ಅಷ್ಟೇ. ಮುಂದಿನ ಚಕ್ರ ಹೋಗಿದ್ದೇ ಗೊತ್ತಾಗ್ಲಿಲ್ಲ, ನೆಲದ ಮೇಲೆ ಇದ್ದೆ. ಲೆಗ್ ಗಾರ್ಡ್ ಇದ್ದಿದ್ದಕ್ಕೆ ಕಾಲು ಉಳೀತು, ಮಣಿಕಟ್ಟು ಮಾತ್ರ ಉಳುಕಿ ಮೂರು ವಾರ ಗಾಡಿ ಮುಟ್ಟಕ್ಕಾಗ್ಲಿಲ್ಲ. ಈಗ ಆ ತರ ಜಾಗ ಬಂದ್ರೆ ಮೇಲೇ ಸ್ಪೀಡ್ ಕಮ್ಮಿ ಮಾಡಿ, ಒಂದನೇ ಗೇರಲ್ಲಿ, ಗಾಡಿ ವಾಲಿಸದೆ, ಮುಂದಿನ ಬ್ರೇಕಿಂದ ಬೆರಳು ತೆಗೆದೇ ಇಳಿಯೋದು. ರಸ್ತೆ ಮೇಲೆ ಬಿದ್ದ ಒದ್ದೆ ಅಡಿಕೆ ಹಾಳೆನೂ ಹಾಗೇನೇ, ಅದ್ರ ಮೇಲೆ ಬ್ರೇಕ್ ಹಿಡಿಯಕ್ಕೆ ಹೋಗ್ಬೇಡಿ.

ಇನ್ನು ಕ್ಲಚ್ ವೈರ್ ಕಟ್ಟಾದ ದಿನ. ಅಮ್ಮನ ತವರು ಆಗುಂಬೆ ಘಾಟಿ ಕೆಳಗೆ ಹೆಬ್ರಿ ಕಡೆ, ಅಲ್ಲಿಂದ ಒಬ್ಬನೇ ವಾಪಸ್ ಬರ್ತಾ ಇದ್ದೆ, ಸಂಜೆ ಐದೂವರೆ, ಸಣ್ಣ ಮಳೆ. ಆಗುಂಬೆ ಘಾಟಿ 14 ತಿರುವು, ಕೆಳಗಿಂದ ನಾಲ್ಕೋ ಐದೋ ಹತ್ತಿದ್ದೆ, ಗೇರ್ ಇಳಿಸಕ್ಕೆ ಅಂತ ಕ್ಲಚ್ ಹಿಡಿದ್ರೆ ಲಿವರ್ ಹ್ಯಾಂಡಲ್ಲಿಗೆ ಬಂದು ಅಂಟ್ಕೊಳ್ತು. ಗಾಡಿ ಆಫ್. ವೈರ್ ತುದಿಯ ಎಳೆಗಳು ಒಂದೊಂದಾಗಿ ತುಂಡಾಗ್ತಾ ಇದ್ದಿರಬೇಕು, ಒಂದು ತಿಂಗಳಿಂದ ಕ್ಲಚ್ ಗಟ್ಟಿ ಬರ್ತಿತ್ತು, ನಾನು ಎಣ್ಣೆ ಬಿಟ್ಟಿರ್ಲಿಲ್ಲ. ತಪ್ಪು ನಂದೇ.

ಕ್ಲಚ್ ಇಲ್ದೇನೂ ಗಾಡಿ ಓಡುತ್ತೆ, ಸಮತಟ್ಟಾದ ರಸ್ತೇಲಿ ಕಷ್ಟ ಇಲ್ಲ. ನ್ಯೂಟ್ರಲಲ್ಲಿ ಸ್ಟಾರ್ಟ್ ಮಾಡಿ, ಕಾಲಲ್ಲಿ ತಳ್ಕೊಂಡು ಸ್ವಲ್ಪ ವೇಗ ಬಂದ ಮೇಲೆ ಒಂದನೇ ಗೇರ್ ಒತ್ತೋದು, ಜರ್ಕ್ ಹೊಡೆಯುತ್ತೆ, ಗಟ್ಟಿ ಹಿಡ್ಕೋಬೇಕು. ಮುಂದಿನ ಗೇರಿಗೆ ಎಕ್ಸಲೇಟರ್ ಒಂದು ಕ್ಷಣ ಪೂರ್ತಿ ಬಿಟ್ಟು ಆಗ್ಲೇ ಕಾಲಲ್ಲಿ ಒತ್ತಿದ್ರೆ ಮೆತ್ತಗೆ ಬೀಳುತ್ತೆ. ನಿಲ್ಸೋ ಮೊದಲೇ ಹಿಮ್ಮಡಿಯಲ್ಲಿ ನ್ಯೂಟ್ರಲ್ಲಿಗೆ ತಂದ್ಕೋಬೇಕು. ಆದ್ರೆ ಏರಲ್ಲಿ ತಳ್ಳೋದು ಹೇಗೆ? ಆ ತಿರುವುಗಳಲ್ಲಿ ಎದುರಿಗೆ ಬಸ್ ಬಂದು ನಿಲ್ಲಬೇಕಾಗಿ ಬಂದ್ರೆ ಮತ್ತೆ ಹೊರಡಕ್ಕೇ ಆಗಲ್ಲ. ಹತ್ತು ನಿಮಿಷ ಯೋಚನೆ ಮಾಡ್ದೆ, ಮನೆ ಮೇಲಿದೆ, ಕತ್ತಲಾಗ್ತಿದೆ, ಆಸೆ ಪೂರ್ತಿ ಮೇಲಕ್ಕೇ ಎಳೀತಿತ್ತು. ಕೊನೆಗೆ ಗಾಡಿ ತಿರುಗಿಸಿ ಕೆಳಕ್ಕೇ ಇಳಿದೆ. ಇಂಜಿನ್ ಆಫ್ ಮಾಡಿ ಬ್ರೇಕಲ್ಲೇ ಇಳಿಯೋ ತಪ್ಪು ಮಾಡ್ಲಿಲ್ಲ, ಒದ್ದೆ ಡ್ರಮ್ ಬ್ರೇಕನ್ನ ಅಷ್ಟು ನಂಬಕ್ಕಾಗಲ್ಲ, ಸ್ಟಾರ್ಟ್ ಮಾಡಿ ಉರುಳ್ತಾ ಗೇರ್ ಒತ್ತಿ ಎರಡನೇ ಗೇರಿನ ಹಿಡಿತದಲ್ಲೇ ಇಳಿದೆ, ತಿರುವಲ್ಲಿ ಮಾತ್ರ ಬ್ರೇಕು. ಸೋಮೇಶ್ವರ ಚೆಕ್‌ಪೋಸ್ಟ್ ದಾಟಿ ಕ್ಲಚ್ ಇಲ್ದೇ ಹೆಬ್ರಿ ತನಕ ಹೋದೆ. ವರ್ಕ್‌ಶಾಪ್ ಬಾಗಿಲು ಹಾಕ್ತಾ ಇದ್ರು, ನನ್ನ ಅವಸ್ಥೆ ನೋಡಿ ಮತ್ತೆ ಲೈಟ್ ಹಾಕಿ ಹೊಸ ವೈರ್ ಹಾಕಿಕೊಟ್ರು. ರಾತ್ರಿ ಮಾವನ ಮನೇಲೇ ಉಳಿದೆ, ಅತ್ತೆ ಬಿಸಿ ಗಂಜಿ, ಉಪ್ಪಿನಕಾಯಿ ಬಡಿಸಿದ್ರು, ಅಷ್ಟು ರುಚಿಯಾಗಿ ನಾನು ಯಾವತ್ತೂ ಉಂಡಿಲ್ಲ.

ಈಗ ನನ್ನ ಗಾಡೀಲಿ ಹಳೇ ವೈರ್ ಪಕ್ಕದಲ್ಲೇ ಇನ್ನೊಂದು ಹೊಸ ಕ್ಲಚ್ ವೈರ್ ಎಳೆದು ಕಟ್ಟಿಟ್ಟಿದೀನಿ. ಕಟ್ಟಾದ್ರೆ ಎರಡು ತುದಿ ಸಿಗಿಸಿದ್ರೆ ಆಯ್ತು, ಐದು ನಿಮಿಷ. ಸೀಟ್ ಕೆಳಗೆ ಒಂದು ಪ್ಲಗ್, ಪ್ಲಗ್ ಪಾನ, ಒಂದು ಇಕ್ಕಳ. ತಿಂಗಳಿಗೊಂದ್ಸಲ ಚೈನ್ ಕವರಿನ ರಬ್ಬರ್ ಬಿರಡೆ ತೆಗೆದು ಬೆರಳಲ್ಲಿ ಚೈನ್ ಎಷ್ಟು ಸಡಿಲ ಇದೆ ನೋಡ್ತೀನಿ. ಅಮ್ಮ ಹಿಂದೆ ಕೂರೋದಾದ್ರೆ ಹಿಂದಿನ ಟೈರಿಗೆ ಗಾಳಿ ಹೆಚ್ಚಿಸ್ತೀನಿ, ಒಬ್ಬನಿಗೆ 28 ಪಿಎಸ್ಐ, ಇಬ್ಬರಿಗೆ 41, ಇದನ್ನ ಬಹಳ ಜನ ಮಾಡೋದೇ ಇಲ್ಲ, ಗಾಡಿ ಯಾಕೆ ತಿರುವಲ್ಲಿ ಓಲಾಡುತ್ತೆ ಅಂತ ಕೇಳ್ತಾರೆ. ಹೊರಡೋ ಮೊದಲು ಸೈಡ್ ಸ್ಟ್ಯಾಂಡ್ ಎತ್ತಿದೆಯಾ ಅಂತ ಕಾಲಲ್ಲಿ ಮುಟ್ಟಿ ನೋಡ್ತೀನಿ, ಅಮ್ಮನ ಸೆರಗು ಸೊಂಟಕ್ಕೆ ಸಿಕ್ಕಿಸಿದೆಯಾ ಅಂತ ತಿರುಗಿ ನೋಡ್ತೀನಿ.

ಹೋದ ನವೆಂಬರಲ್ಲಿ ಅಮ್ಮ ಹೆಬ್ರಿಗೆ ಬಸ್ಸಲ್ಲಿ ಬೇಡ ತಮ್ಮಾ, ಬೈಕಲ್ಲೇ ಕರ್ಕೊಂಡು ಹೋಗು ಅಂದ್ಲು. ವಯಸ್ಸು 67, ಹೆಲ್ಮೆಟ್ ಹಾಕ್ಕೊಂಡು ಒಂದು ಕೈ ನನ್ನ ಹೆಗಲ ಮೇಲೆ ಇಟ್ಟು ಕೂತ್ಲು. ಆಗುಂಬೆ ದಾಟಿ ಎರಡನೇ ಗೇರಲ್ಲಿ ಇಳೀತಿದ್ದೆ, ಆಕಾಶ ತಿಳಿಯಾಗಿತ್ತು, ಕೆಳಗೆ ಕಾಡು ಪೂರ್ತಿ ಕಾಣ್ತಿತ್ತು. ಅಮ್ಮ ಹಿಂದಿಂದ ಒಂದು, ಎರಡು, ಮೂರು ಅಂತ ತಿರುವು ಎಣಿಸ್ತಾ ಇದ್ಲು, ಚಿಕ್ಕವಳಿದ್ದಾಗ ಬಸ್ಸಲ್ಲಿ ಹೀಗೇ ಎಣಿಸ್ತಿದ್ಲಂತೆ. ವೈರ್ ಕಟ್ಟಾದ ತಿರುವಲ್ಲಿ ಇದೇ ಜಾಗ ಅಮ್ಮ ಅಂದೆ, ಹೆಗಲ ಮೇಲಿನ ಕೈ ಸ್ವಲ್ಪ ಬಿಗಿಯಾಯ್ತು. ಹದಿನಾಲ್ಕು ಅಂತ ಹೇಳಿ ಮುಗಿಸಿದ್ಲು, ಸೋಮೇಶ್ವರ ಬಂತಲ್ಲ, ಎಲ್ಲಾದ್ರೂ ನಿಲ್ಸು, ಟೀ ಕುಡಿಯಣ ಅಂದ್ಲು.