ಸ್ಪೆಕ್ಟ್ರೋಫೋಟೋಮೀಟರ್ ಮುಟ್ಟುವ ಮೊದಲು ಸಿಮ್ಯುಲೇಷನ್: ಕಲಿಸುವುದು ಹೇಗೆ?

ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಉಪಕರಣ ಸ್ಪೆಕ್ಟ್ರೋಫೋಟೋಮೀಟರ್. ಲ್ಯಾಬಿನಲ್ಲಿ ಅದು ಇರುವುದು ಒಂದೋ ಎರಡೋ. ಕಲಿಯುವವರು ಹತ್ತಾರು ಮಂದಿ. ಸರದಿ ಬಂದಾಗ ಕ್ಯುವೆಟ್ (ದ್ರಾವಣ ತುಂಬಿದ ಪುಟ್ಟ ಪಾರದರ್ಶಕ ಪಾತ್ರೆ) ಇಟ್ಟು, ಮುಚ್ಚಳ ಹಾಕಿ, ಕಂಡ ಅಂಕಿ ಬರೆದುಕೊಂಡು ಹೋಗುತ್ತಾರೆ. ಒಳಗೆ ಬೆಳಕಿಗೆ ಏನಾಯಿತು ಅನ್ನುವುದು ತಿಳಿಯುವುದೇ ಇಲ್ಲ. ಅದೇ ಪ್ರಯೋಗವನ್ನು ಪರದೆಯ ಮೇಲೆ ಅನುಕರಿಸುವ ಸಿಮ್ಯುಲೇಷನ್ ಆ ಮುಚ್ಚಳ ತೆಗೆದು ತೋರಿಸುತ್ತದೆ.

ಒಂದು ತರಗತಿಯಲ್ಲಿ ಒಂದೇ ಉಪಕರಣದ ಬಗ್ಗೆ ಕಲಿಸಿದರೆ ಸಾಕು. ಸ್ಪೆಕ್ಟ್ರೋಫೋಟೋಮೀಟರ್‌ಗೆ ಕೊಲೊರಾಡೊ ಬೋಲ್ಡರ್ ವಿಶ್ವವಿದ್ಯಾಲಯದ ‘ಫೆಟ್’ ಯೋಜನೆಯ ‘ಬಿಯರ್ಸ್ ಲಾ ಲ್ಯಾಬ್’ ಎಂಬ ಸಿಮ್ಯುಲೇಷನ್ ಚೆನ್ನಾಗಿದೆ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ಯೋಜನೆ ಇದು. ಉಚಿತ, ಬ್ರೌಸರ್‌ನಲ್ಲೇ ನಡೆಯುತ್ತದೆ.

ತೆರೆಯುವ ಮೊದಲು ಒಂದು ಪ್ರಶ್ನೆ ಕೊಡಿ: 1 ಸೆಂ.ಮೀ. ಅಗಲದ ಕ್ಯುವೆಟ್‌ನಿಂದ 50% ಬೆಳಕು ಆಚೆ ಬಂದರೆ, 2 ಸೆಂ.ಮೀ. ಕ್ಯುವೆಟ್‌ನಿಂದ ಎಷ್ಟು ಬರುತ್ತದೆ? ಉತ್ತರವನ್ನು ಕಾಗದದಲ್ಲಿ ಬರೆಸಿ. ಈ ಹೆಜ್ಜೆ ಮಾತ್ರ ಬಿಡಬೇಡಿ. ಊಹೆ ಬರೆಯದವರು ಸುಮ್ನೆ ಸ್ಲೈಡರ್ ಎಳೆದಾಡುತ್ತಾರೆ, ಅಷ್ಟೇ. ‘ಸೊನ್ನೆ’ ಎಂದು ಬರೆಯುವುದು ಸಹಜ, ಅಲ್ವಾ? ಈಗ ಕ್ಯುವೆಟ್ ಅಗಲ ಮಾಡಿಸಿ. ಬರುವುದು 25%. ಎರಡನೇ ಸೆಂಟಿಮೀಟರ್ ಹೀರುವುದು ಉಳಿದ ಬೆಳಕಿನ ಅರ್ಧವನ್ನು. ಅಬ್ಸಾರ್ಬೆನ್ಸ್ (ಹೀರಿಕೆಯನ್ನು ಲಾಗರಿದಮ್ ಲೆಕ್ಕದಲ್ಲಿ ಹೇಳುವ ಅಂಕಿ) ಮಾತ್ರ 0.3ರಿಂದ 0.6ಕ್ಕೆ, ಸರಿಯಾಗಿ ಎರಡರಷ್ಟು ಏರಿರುತ್ತದೆ. ಲಾಗರಿದಮ್ ಇಲ್ಲಿ ಯಾಕೆ ಬಂತು ಎಂದು ಆಗ ನೀವು ಜಾಸ್ತಿ ಹೇಳಬೇಕಾಗುವುದಿಲ್ಲ.

ಮುಂದೆ ಪೊಟ್ಯಾಸಿಯಂ ಪರ್ಮಾಂಗನೇಟ್ ಆರಿಸಿ, ತರಂಗಾಂತರ, ಅಂದರೆ ಬೆಳಕಿನ ಬಣ್ಣ, ಬದಲಿಸಲು ಹೇಳಿ. ನೇರಳೆ ದ್ರಾವಣ ನೇರಳೆ ಬೆಳಕನ್ನೇ ಜಾಸ್ತಿ ಹೀರುತ್ತದೆ ಅಂದುಕೊಂಡವರಿಗೆ, ಅದು ಹಸಿರನ್ನು ನುಂಗುವುದು ಕಣ್ಣೆದುರೇ ಕಾಣುತ್ತದೆ. ನಿಜವಾದ ಉಪಕರಣದಲ್ಲಿ ತರಂಗಾಂತರವನ್ನು 525 ನ್ಯಾನೋಮೀಟರ್ (ಹಸಿರು) ಆಸುಪಾಸು ಯಾಕೆ ಇಡುತ್ತೇವೆ ಎಂಬುದಕ್ಕೆ ಉತ್ತರ ಅದೇ.

ಆಮೇಲೆ ತಡಮಾಡದೆ, ಆದಷ್ಟೂ ಅದೇ ವಾರ, ಲ್ಯಾಬಿಗೆ ಕರೆದೊಯ್ಯಿರಿ. ಪರದೆಯ ಮೇಲಿನ ಕ್ಯುವೆಟ್‌ಗೆ ಬೆರಳಚ್ಚು ಅಂಟುವುದಿಲ್ಲ. ಅದರಲ್ಲಿ ಗುಳ್ಳೆ ಕೂರುವುದಿಲ್ಲ. ಬ್ಲಾಂಕ್ (ಬಣ್ಣದ ವಸ್ತು ಇಲ್ಲದ ಬರೀ ದ್ರಾವಕ) ಇಟ್ಟು ಸೊನ್ನೆ ಹೊಂದಿಸುವ ಅಭ್ಯಾಸವೂ ಅಲ್ಲಿ ಆಗುವುದಿಲ್ಲ. ಹಾಗಾಗಿ ತಪ್ಪನ್ನು ಬೇಕೆಂದೇ ಮಾಡಿಸಿ. ಕ್ಯುವೆಟ್‌ನ ಪಾರದರ್ಶಕ ಮೈಯನ್ನು ಬೆರಳಿನಿಂದ ಒತ್ತಿ ಒಂದು ರೀಡಿಂಗ್, ಮೆತ್ತನೆಯ ಟಿಶ್ಯೂನಿಂದ ಒರೆಸಿ ಇನ್ನೊಂದು. ದ್ರಾವಣ ಅದೇ, ಅಂಕಿ ಬೇರೆ. ಒರಟು ಮೈ ಹಿಡಿದು ಇಡಬೇಕು ಎಂಬ ಮಾತು ಆಮೇಲೆ ಮರೆಯುವುದಿಲ್ಲ.

ದ್ರಾವಣವನ್ನು ಅಳತೆ ಮಾಡಿ ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ ಬ್ಯೂರೆಟ್‌ಗೂ ಇದೇ ಕ್ರಮ. ಲೆಕ್ಕಕ್ಕೆ ಸಿಮ್ಯುಲೇಷನ್ ಸಾಕು. ಆದರೆ ಕೊನೆಯ ಹನಿಯಲ್ಲಿ ಅದರ ನಲ್ಲಿ ನಿಲ್ಲಿಸುವುದನ್ನು ಕೈಯೇ ಕಲಿಯಬೇಕು.

ಕೊನೆಯಲ್ಲಿ, ಮತ್ತೆ ಸ್ಪೆಕ್ಟ್ರೋಫೋಟೋಮೀಟರ್‌ಗೆ ಬಂದು, ದ್ರಾವಣಕ್ಕೆ ಅದರಷ್ಟೇ ನೀರು ಬೆರೆಸಿ ಅಳೆಯಲಿ. ಅಬ್ಸಾರ್ಬೆನ್ಸ್ ಸರಿಯಾಗಿ ಅರ್ಧಕ್ಕೆ ಇಳಿಯದಿದ್ದರೆ ಕಾರಣ ನೀವು ಹೇಳಬೇಡಿ. ಪಿಪೆಟ್, ಕ್ಯುವೆಟ್, ಬ್ಲಾಂಕ್ ಮೂರನ್ನೂ ಅವರ ಮುಂದಿಟ್ಟು, ಅವರೇ ಹುಡುಕಲು ಬಿಡಿ.