ಚಿಕನ್ ಬರ್ಗರ್: ಪ್ಯಾಟಿ ಒಣಗದಂತೆ, ಒಡೆಯದಂತೆ

ಮನೆಯಲ್ಲಿ ಮಾಡಿದ ಚಿಕನ್ ಬರ್ಗರ್ ಸಪ್ಪೆ ಎನಿಸಿದರೆ ಮುಂದಿನ ಸಲ ಮಸಾಲೆ ಜಾಸ್ತಿ ಹಾಕುವವರೇ ಹೆಚ್ಚು. ಆದರೆ ಎಡವುವುದು ಬಹುತೇಕ ಕೊಬ್ಬು, ನೀರು ಮತ್ತು ಉರಿಯ ಲೆಕ್ಕದಲ್ಲಿ. ಇವು ಸರಿಯಿದ್ದರೆ ಉಪ್ಪು, ಕಾಳುಮೆಣಸಿನಲ್ಲೇ ರುಚಿ ನಿಲ್ಲುತ್ತದೆ.

ಎದೆ ಮಾಂಸದಲ್ಲಿ ಕೊಬ್ಬು ತೀರಾ ಕಡಿಮೆ. ಬೆಂದ ಮೇಲೆ ಪುಡಿಪುಡಿಯಾಗುತ್ತದೆ. ಅಂಗಡಿಯಲ್ಲಿ ಮೂಳೆ ತೆಗೆದ ತೊಡೆ ಮಾಂಸ 500 ಗ್ರಾಂ, ಜೊತೆಗೆ 50 ಗ್ರಾಂ ಚರ್ಮ ಕೇಳಿ. ಚರ್ಮ ಬೇಡವೆನ್ನುವವರು ಗಟ್ಟಿಯಾದ ಬೆಣ್ಣೆ 2 ಚಮಚ ತುರಿದು ಹಾಕಬಹುದು. ತೊಳೆಯುವುದಿದ್ದರೆ ತುಂಡಾಗಿರುವಾಗಲೇ ತೊಳೆದು, ನೀರು ಬಸಿದು, ಬಟ್ಟೆಯಲ್ಲಿ ಒತ್ತಿ ಒರೆಸಿ. ಖೀಮಾ ಮಾಡಿದ ಮೇಲೆ ತೊಳೆದರೆ ಅದು ಹಿಡಿದುಕೊಂಡ ನೀರೆಲ್ಲ ಕಾವಲಿಯ ಮೇಲೆ ಹೊರಬಂದು, ಪ್ಯಾಟಿ ಹುರಿಯುವ ಬದಲು ಬೇಯುತ್ತದೆ.

ಮಾಂಸವನ್ನು 2 ಸೆಂ.ಮೀ. ತುಂಡು ಮಾಡಿ, 20 ನಿಮಿಷ ಫ್ರೀಜರ್‌ನಲ್ಲಿಡಿ. ಆಮೇಲೆ ಮಿಕ್ಸಿಯಲ್ಲಿ ಸ್ವಲ್ಪಸ್ವಲ್ಪವೇ ಹಾಕಿ, ನಿಲ್ಲಿಸಿ ನಿಲ್ಲಿಸಿ ಐದಾರು ಸಲ ತಿರುಗಿಸಿದರೆ ಸಾಕು. ಒಂದೇ ಸಮ ಓಡಿಸಿದರೆ ಬಿಸಿಗೆ ಕೊಬ್ಬು ಕರಗಿ, ಮಾಂಸ ಅಂಟಂಟಾಗುತ್ತದೆ. ಚಿಕ್ಕ ಚಿಕ್ಕ ಕಾಳು ಕಣ್ಣಿಗೆ ಕಾಣುತ್ತಿರಬೇಕು.

ಅಂಚು ತೆಗೆದ ಒಂದು ಸ್ಲೈಸ್ ಬ್ರೆಡ್ಡನ್ನು 2 ಚಮಚ ಹಾಲಿನಲ್ಲಿ ನೆನೆಸಿ ಹಿಸುಕಿ. ತೇವ ಹಿಡಿದಿಡುವುದು ಇದೇ, ಮೊಟ್ಟೆಯ ಅಗತ್ಯವಿಲ್ಲ. ಸಣ್ಣಗೆ ಹೆಚ್ಚಿದ ಒಂದು ಚಿಕ್ಕ ಈರುಳ್ಳಿ, 2 ಹಸಿಮೆಣಸು, ಒಂದು ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟನ್ನು ಎಣ್ಣೆಯಲ್ಲಿ ಬಾಡಿಸಿ ಪೂರ್ತಿ ಆರಿಸಿ. ಹಸಿ ಈರುಳ್ಳಿ ನೀರು ಬಿಡುತ್ತದೆ. ಹಸಿ ಶುಂಠಿಯಲ್ಲಿ ಮಾಂಸವನ್ನು ಕರಗಿಸುವ ಕಿಣ್ವ ಇರುವುದರಿಂದ, ರಾತ್ರಿಯಿಡೀ ಇಟ್ಟ ಮಿಶ್ರಣ ಬೆಳಗ್ಗೆ ಲೊಳಲೊಳ ಆಗಿರುತ್ತದೆ.

ಎಲ್ಲವನ್ನೂ ಮಾಂಸಕ್ಕೆ ಸೇರಿಸಿ. ಮುಕ್ಕಾಲು ಚಮಚ ಕಾಳುಮೆಣಸಿನ ಪುಡಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಹಾಕಿ. ಉಪ್ಪು, ಸಮತಟ್ಟಾಗಿ ಒಂದು ಚಮಚ, ಕೊನೆಗೆ. ಬೆರಳ ತುದಿಯಲ್ಲಿ ಒಂದು ನಿಮಿಷ ಬೆರೆಸಿದರೆ ಸಾಕು. ಚಪಾತಿ ಹಿಟ್ಟಿನಂತೆ ನಾದಿದರೆ ಉಪ್ಪು ಮಾಂಸದ ಪ್ರೋಟೀನನ್ನು ಬಿಗಿದು, ಪ್ಯಾಟಿ ರಬ್ಬರಾಗುತ್ತದೆ.

ಕೈಗೆ ಎಣ್ಣೆ ಸವರಿ ಐದು ಪ್ಯಾಟಿ ತಟ್ಟಿ. ಬನ್ನು 10 ಸೆಂ.ಮೀ. ಅಗಲವಿದ್ದರೆ ಪ್ಯಾಟಿ ಹನ್ನೊಂದೂವರೆ ಇರಲಿ, ಬೆಂದಾಗ ಕುಗ್ಗುತ್ತದೆ. ದಪ್ಪ ಒಂದೂಕಾಲು ಸೆಂ.ಮೀ. ಹೆಬ್ಬೆರಳಿನಿಂದ ನಡುವೆ ಸಣ್ಣ ಗುಳಿ ಮಾಡಿ. ಇಲ್ಲದಿದ್ದರೆ ಮಧ್ಯ ಉಬ್ಬಿ, ಅಂಚು ಒಣಗುವಷ್ಟರಲ್ಲಿ ಒಳಗೆ ಹಸಿ ಉಳಿಯುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬಿಟ್ಟುಬಿಡುವ ಹಂತವಲ್ಲ ಇದು. ಕಾವಲಿಯಲ್ಲಿ ಒಡೆಯುವ ಪ್ಯಾಟಿಗಳು ಬಹುತೇಕ ತಣ್ಣಗಾಗದವೇ.

ಅಷ್ಟರಲ್ಲಿ ಸಾಸ್. ಬಿಸಿನೀರಿನಲ್ಲಿ ನೆನೆಸಿದ 4 ಬ್ಯಾಡಗಿ ಮೆಣಸಿನಕಾಯಿ, 3 ಎಸಳು ಬೆಳ್ಳುಳ್ಳಿ, ಕಾಲು ಚಮಚ ಜೀರಿಗೆಯನ್ನು ಸ್ವಲ್ಪ ನಿಂಬೆರಸ, ಚಿಟಿಕೆ ಉಪ್ಪು ಮತ್ತು ಸಕ್ಕರೆಯೊಂದಿಗೆ ನುಣ್ಣಗೆ ರುಬ್ಬಿ. ಒಂದು ಚಮಚ ತುಪ್ಪದಲ್ಲಿ ಬಣ್ಣ ಗಾಢವಾಗಿ ತುಪ್ಪ ಬಿಡುವವರೆಗೆ ಹುರಿದು ಆರಿಸಿ, 4 ಚಮಚ ಮೇಯೊನೀಸ್ ಅಥವಾ ನೀರು ಬಸಿದ ಗಟ್ಟಿ ಮೊಸರಿಗೆ ಬೆರೆಸಿ. ಕುಂದಾಪುರದ ಘೀ ರೋಸ್ಟ್ ರುಚಿ ಗೊತ್ತಿರುವವರಿಗೆ ಟೊಮೆಟೊ ಕೆಚಪ್ ಮತ್ತೆ ನೆನಪಾಗಲಿಕ್ಕಿಲ್ಲ.

ದಪ್ಪ ತಳದ ಕಾವಲಿಯನ್ನು ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾಯಿಸಿ 2 ಚಮಚ ಎಣ್ಣೆ ಹಾಕಿ. ಪ್ಯಾಟಿ ಇಟ್ಟ ಮೇಲೆ 4-5 ನಿಮಿಷ ಕದಲಿಸಬೇಡಿ. ಹೊಂಬಣ್ಣ ಬಂದಾಗ ತಾನಾಗಿ ತಳ ಬಿಡುತ್ತದೆ. ಒಮ್ಮೆ ತಿರುವಿ, ಮತ್ತೆ 4 ನಿಮಿಷ. ಮಗುಚುವ ಕೈಯಿಂದ ಒತ್ತುವ ಚಟ ಬೇಡ, ಚುರ್ ಎನ್ನುವುದು ರಸ ಸೋರುವ ಸದ್ದು. ಉರಿ ಸಣ್ಣ ಮಾಡಿ ಒಂದೆರಡು ನಿಮಿಷ ಮುಚ್ಚಿಡಿ. ನಡುಭಾಗದ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಬಣ್ಣ ನೋಡಿ ಬೆಂದಿದೆ ಎನ್ನುವುದು ಕೋಳಿಯ ವಿಷಯದಲ್ಲಿ ಪೂರ್ತಿ ನಂಬಿಕೆಯ ಗುರುತಲ್ಲ; ಅಡುಗೆಯ ಥರ್ಮಾಮೀಟರ್ ಇಟ್ಟುಕೊಳ್ಳುವುದೇ ಒಳ್ಳೆಯದು.

ಬೇಕರಿಯಲ್ಲಿ ಸಿಹಿ ಬನ್ ಬೇಡ, ಬರ್ಗರ್ ಬನ್ ಕೇಳಿ. ಕತ್ತರಿಸಿದ ಮೈಗೆ ಬೆಣ್ಣೆ ಸವರಿ ಕಾವಲಿಯಲ್ಲಿ ಕೆಂಪಗೆ ಸುಟ್ಟರೆ ಸಾಸ್ ಬೇಗ ಒಳಗಿಳಿಯದು. ಸಾಸ್, ತೆಳುವಾಗಿ ಹೆಚ್ಚಿದ ಎಲೆಕೋಸು, ಪ್ಯಾಟಿ, ಈರುಳ್ಳಿ ಬಿಲ್ಲೆ, ಮತ್ತೆ ಸಾಸ್. ಟೊಮೆಟೊ ಬೇಕೆಂದರೆ ಬೀಜ ತೆಗೆದು ಹಾಕಿ.

ಉಳಿದ ಹಸಿ ಪ್ಯಾಟಿಗಳ ನಡುವೆ ಬಟರ್ ಪೇಪರ್ ಇಟ್ಟು ಫ್ರೀಜರ್‌ಗೆ ಹಾಕಿದರೆ ಒಂದು ತಿಂಗಳು ರುಚಿ ಕೆಡುವುದಿಲ್ಲ. ಬೇಯಿಸುವ ಹಿಂದಿನ ರಾತ್ರಿ ಫ್ರಿಜ್‌ನ ಕೆಳತಟ್ಟಿಗೆ ಇಳಿಸಿ. ಅಡುಗೆಕಟ್ಟೆಯ ಮೇಲಿಟ್ಟು ಕರಗಿಸಬೇಡಿ.