ಆ ಫೈಲ್ ಮುಚ್ಚಿದ್ದು ನಾನೇ

ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ತಂಡ ಬರುತ್ತದೆ ಎಂದು ಗೊತ್ತಾದ ದಿನ ನಮ್ಮ ವಿಮಾನಯಾನ ನಿಯಂತ್ರಣ ಕಚೇರಿಯಲ್ಲಿ ಒಂದೇ ಮಾತು: ಯಾವ ಹ್ಯಾಂಗರ್ ತೋರಿಸೋಣ, ಯಾವ ವಿಮಾನ ಚೆನ್ನಾಗಿದೆ? ಸುಮ್ನೆ ತಲೆಕೆಡಿಸಿಕೊಂಡೆವು. ಈ ಪರೀಕ್ಷೆ ಏರ್‌ಲೈನ್‌ಗಳಿಗಲ್ಲ, ಅವುಗಳ ಮೇಲೆ ಕಣ್ಣಿಡಬೇಕಾದ ನಮಗೆ.

ಇದರ ಹೆಸರು ಐಎಎಸ್‌ಎ, ಅಂದರೆ ಬೇರೆ ದೇಶದ ನಿಯಂತ್ರಕರು ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ ಪಾಲಿಸುತ್ತಾರಾ ಎಂದು ಎಫ್‌ಎಎ ನೋಡುವ ಕಾರ್ಯಕ್ರಮ. 1990ರ ಜನವರಿಯಲ್ಲಿ ಕೊಲಂಬಿಯಾದ ಅವಿಯಾಂಕಾ ವಿಮಾನ ನ್ಯೂಯಾರ್ಕ್ ಹತ್ತಿರ ಇಂಧನ ಮುಗಿದು ಬಿದ್ದು 73 ಜನ ಸತ್ತರು. ಅದಾದ ಮೇಲೆ, 1992ರಲ್ಲಿ ಈ ಕಾರ್ಯಕ್ರಮ ಶುರುವಾಯಿತು. ನೋಡುವುದು ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಕಾವೊದ ಮೂರು ಅನೆಕ್ಸ್, ಅಂದರೆ ಮಾನದಂಡಗಳ ಅನುಬಂಧ: ಲೈಸೆನ್ಸ್‌ಗೆ 1, ಹಾರಾಟಕ್ಕೆ 6, ವಿಮಾನದ ಯೋಗ್ಯತೆಗೆ 8. ಐಕಾವೊ ತನ್ನ ಆಡಿಟ್‌ನಲ್ಲಿ ಶೇಕಡಾವಾರು ಅಂಕ ಕೊಡುತ್ತದೆ. ಎಫ್‌ಎಎ ಹಾಗಲ್ಲ, ಕೆಟಗರಿ ಒನ್ (ಪಾಸ್) ಇಲ್ಲವೇ ಟೂ (ಫೇಲ್), ಅಷ್ಟೇ. ಟೂ ಬಂದರೆ ಅಮೆರಿಕಕ್ಕೆ ಈಗಿರುವ ಹಾರಾಟ ಮುಂದುವರಿಯುತ್ತದೆ, ಹೊಸದು ಸಿಗುವುದಿಲ್ಲ. ಆ ದೇಶದ ವಿಮಾನಗಳ ಮೇಲೆ ಅಮೆರಿಕದ ಏರ್‌ಲೈನ್‌ಗಳು ತಮ್ಮ ಕೋಡ್ ಹಾಕಿ, ಅಂದರೆ ತಮ್ಮ ಫ್ಲೈಟ್ ನಂಬರ್‌ನಲ್ಲಿ, ಟಿಕೆಟ್ ಮಾರುವಂತೆಯೂ ಇಲ್ಲ. ಭಾರತ 2014ರ ಜನವರಿಯಲ್ಲಿ ಇಳಿದು 2015ರ ಏಪ್ರಿಲ್‌ನಲ್ಲಿ ಮೇಲೆ ಬಂತು. ಥಾಯ್ಲೆಂಡ್‌ಗೆ 2015ರಿಂದ 2025ರವರೆಗೆ ಹಿಡಿಯಿತು!

ತಂಡ ಬರುವ ಮೊದಲು ನಾವೇ ಒಂದು ಅಣಕು ಪರೀಕ್ಷೆ ಮಾಡಿಕೊಂಡೆವು. ಹಿರಿಯ ಸಹೋದ್ಯೋಗಿಯೊಬ್ಬರು ಕಪಾಟಿನಿಂದ ಒಂದು ಫೈಲ್ ಎಳೆದರು. ಒಂದು ಏರ್‌ಲೈನ್‌ನ ತಪಾಸಣೆ: ಪೈಲಟ್ ಒಬ್ಬರ ವಿಶ್ರಾಂತಿ ದಾಖಲೆಯಲ್ಲಿ ಎರಡು ದಿನದ ಲೆಕ್ಕವೇ ಇಲ್ಲ. ಕೆಳಗೆ ಏರ್‌ಲೈನ್‌ನ ಒಂದು ಸಾಲಿನ ಪತ್ರ, ‘ಸರಿಪಡಿಸಲಾಗಿದೆ’. ಅದರ ಕೆಳಗೆ ‘ಮುಕ್ತಾಯ’ ಎಂಬ ಸೀಲು.

‘ಮುಚ್ಚಿದ್ದು ಯಾರು?’

‘ನಾನೇ, ಸರ್.’

‘ಹೋಗಿ ನೋಡಿದ್ರಾ?’

ನೋಡಿರಲಿಲ್ಲ. ಪತ್ರ ಬಂತು, ಸಹಿ ಹಾಕಿದೆ. ನಿಯಂತ್ರಕರಿಗೆ ಐಕಾವೊ ಎಂಟು ಅಂಶಗಳನ್ನು ಹೇಳುತ್ತದೆ. ಮೊದಲನೆಯದು ಕಾನೂನು, ಎಂಟನೆಯದು ಸಿಕ್ಕ ಲೋಪವನ್ನು ಪರಿಹರಿಸುವುದು. ನಮ್ಮ ಕಾನೂನು ಪುಸ್ತಕ ಬಹಳ ಚೆನ್ನಾಗಿತ್ತು. ಎಡವಿದ್ದು ಎಂಟನೆಯದರಲ್ಲಿ. ಪುಸ್ತಕ ಬರೆಯುವುದು ಸುಲಭ, ಅಲ್ವಾ?

ಮರುದಿನದಿಂದ ಎಂಟು ಅಂಶಗಳಿಗೆ ಎಂಟು ಫೋಲ್ಡರ್ ಮಾಡುವುದನ್ನೇ ಬಿಟ್ಟೆವು. ಒಂದು ಲೋಪ ಹಿಡಿದು ಅದರ ಎಳೆ ಹಿಂಬಾಲಿಸಿದೆವು: ಯಾವ ನಿಯಮ ಮುರಿದಿದೆ, ಆ ನಿಯಮಕ್ಕೆ ಯಾವ ಕಾಯ್ದೆಯ ಬಲವಿದೆ, ತಪಾಸಣೆ ಮಾಡಿದವರಿಗೆ ಆ ತರಬೇತಿ ಆಗಿದೆಯಾ, ಚೆಕ್‌ಲಿಸ್ಟ್ ಯಾವುದು, ಗಡುವು ಎಂದು, ಮತ್ತೆ ಹೋಗಿ ನೋಡಿದವರು ಯಾರು. ಎಳೆ ಎಲ್ಲಿ ತುಂಡಾಯಿತೋ ಅಲ್ಲೇ ಕೆಲಸ. ಜಾಸ್ತಿ ತುಂಡಾಗಿದ್ದು ತರಬೇತಿ ದಾಖಲೆಗಳಲ್ಲಿ. ಕೆಲವು ಇನ್‌ಸ್ಪೆಕ್ಟರ್‌ಗಳಿಗೆ ಕೆಲಸ ಚೆನ್ನಾಗಿ ಗೊತ್ತಿತ್ತು, ಆದರೆ ಗೊತ್ತಿದೆ ಎಂದು ತೋರಿಸುವ ಒಂದು ಹಾಳೆಯೂ ಇರಲಿಲ್ಲ. ನಾನು ಮುಚ್ಚಿದ್ದ ಫೈಲುಗಳನ್ನೆಲ್ಲ ಮತ್ತೆ ತೆರೆದು, ಏರ್‌ಲೈನ್ ಕಚೇರಿಗೆ ಹೋಗಿ ರೋಸ್ಟರ್ (ಮೊದಲೇ ಹಾಕಿದ ಡ್ಯೂಟಿ ಪಟ್ಟಿ) ಪಕ್ಕ ನಿಜವಾದ ಡ್ಯೂಟಿ ದಾಖಲೆ ಇಟ್ಟು ಹೋಲಿಸಿದೆ. ಎರಡು ಕಡೆ ಲೋಪ ಹಾಗೇ ಇತ್ತು!

ತಂಡ ಬಂದಾಗ ಅವರಲ್ಲೊಬ್ಬರು ಸಾಲಿನ ಮಧ್ಯದಿಂದ ಒಂದು ಫೈಲ್ ಎತ್ತಿಕೊಂಡರು. ಅದೇ ವಿಶ್ರಾಂತಿ ದಾಖಲೆಯದು. ‘ಮುಚ್ಚಿದ್ದನ್ನು ಮತ್ತೆ ತೆರೆದಿದ್ದೀರಲ್ಲ, ಯಾಕೆ?’ ಎಂದು ಕೇಳಿದರು. ಇದ್ದಿದ್ದು ಇದ್ದ ಹಾಗೇ ಹೇಳಿದೆ. ಅವರು ಏನೋ ಬರೆದುಕೊಂಡು, ಆ ಇನ್‌ಸ್ಪೆಕ್ಟರ್‌ನ ತರಬೇತಿ ದಾಖಲೆ ಕೊಡಿ ಎಂದರು. ಕೊಟ್ಟೆ, ನನ್ನದೇ.